ಕುಬೇರಪ್ಪ ಮಾಸ್ತರರ ನಿಚ್ಚಣಿಕಿ ಪದ

ಹಾನಗಲ್ಲಿನ ಕಾಲೇಜಿನಲ್ಲಿ ಸಂಗೀತ ಕಲಿಸುವ ಪ್ರಿಯಂವದಾ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದಳು. ಒಳ್ಳೆಯ ಕೆಲಸಕ್ಕೆ ಕೈಹಾಕಿದವರಿಗೆ, ಎಲ್ಲರೂ ತಾವು ಹೇಳಿದಂತೆಯೇ ನಡೆಯಬೇಕೆಂಬ ಸಣ್ಣದೊಂದು ಹಟ ತಾನಾಗಿಯೇ ಬಂದುಬಿಡುತ್ತದೆ. ಅವಳಿಗೂ ಬಂದಿತ್ತು.

ಎರಡನೆಯ ಲಾಕ್‌ಡೌನಿನ ಕಾಲ ಅದು. ನಾಟಕ ಕಂಪನಿಗಳ ತಗಡಿನ ಥೇಟರುಗಳನ್ನು ಬಿಚ್ಚಿ ಯಾರದೋ ಹೊಲದ ಬದುವಿನಲ್ಲಿ ಒಟ್ಟಿದ್ದರು. ನಟರು, ನಟಿಯರು, ತಬಲಾ ಬಾರಿಸುವವರು, ಪರದೆ ಎಳೆಯುವವರು ಕೆಲಸವಿಲ್ಲದೆ ತಂತಮ್ಮ ಊರು ಸೇರಿದ್ದರು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಅಂಥವರ ಮನೆಗಳಿಗೆ ಕಿರಾಣಿ ಸಾಮಾನು ಮುಟ್ಟಿಸಬೇಕು, ಅದಕ್ಕೆ ಹಣ ಕೂಡಿಸಲು ಆನ್‌ಲೈನಿನಲ್ಲಿ ಒಂದು ಹಾಡಿನ ಕಾರ್ಯಕ್ರಮ ಇಡಬೇಕು, ಅದೇ ನೆಪದಲ್ಲಿ ಕುಬೇರಪ್ಪ ಮಾಸ್ತರರಿಗೆ ಒಂದು ಗೌರವವೂ ಆಗಬೇಕು ಎಂದು ಪ್ರಿಯಂವದಾ ಯೋಚಿಸಿದ್ದಳು. ಕಾಲಪೇಟಿ ಎಂಬ ಕಾಲಿನ ಹಾರ್ಮೋನಿಯಂ ತುಳಿಯುತ್ತ ಅರ್ಧ ಆಯುಷ್ಯ ಕಂಪನಿ ನಾಟಕಗಳಿಗೆ ಹಾಡು ಕಟ್ಟಿದ ಮನುಷ್ಯ ಅವರು. ಈಗ ಹಿರೇಕೆರೂರಿನಲ್ಲಿ ಮಗಳು ನೀಲಾಳ ಮನೆಯಲ್ಲಿದ್ದರು. ಮೊಣಕಾಲು ಕೈಕೊಟ್ಟಿದ್ದವು. ಕಿವಿ ಮತ್ತು ನಾಲಿಗೆ ಮಾತ್ರ ಕಂಪನಿಯ ಕಾಲದಲ್ಲಿದ್ದಷ್ಟೇ ಚುರುಕಾಗಿದ್ದವು.

ಕಾರ್ಯಕ್ರಮಕ್ಕೆ ಪ್ರಿಯಂವದಾ ‘ನಾದನಮನ’ ಎಂದು ಹೆಸರಿಟ್ಟಳು. ಮಾಸ್ತರರ ಹಾಡುಗಳಲ್ಲಿ ನಾಂದಿಪದ, ಎರಡು ಭಕ್ತಿಗೀತೆ, ಗಂಡನನ್ನು ಕಳಕೊಂಡ ರಾಣಿಯ ಶೋಕದ ಹಾಡು, ಹೀಗೆ ರಾಗ ಗಟ್ಟಿಯಾಗಿದ್ದವನ್ನು ಆರಿಸಿದಳು. ಈ ಸೀಮೆಯ ಜನಕ್ಕೆ ಕುಬೇರಪ್ಪ ಮಾಸ್ತರರೆಂದರೆ ಥಟ್ಟನೆ ನೆನಪಾಗುವ ಒಂದು ಹಾಡನ್ನು ಮಾತ್ರ ಬಿಟ್ಟಳು. ಆ ಹಾಡಿಗೆ ಜನ ಇಟ್ಟ ಹೆಸರು ‘ನಿಚ್ಚಣಿಕಿ ಪದ’. ನಾಟಕದಲ್ಲಿ ಒಬ್ಬ ಪಡ್ಡೆ ಗಂಡಸು ಅಟ್ಟದ ಮೇಲಿರುವ ಹುಡುಗಿಯನ್ನು ಕಾಣಲು ನಿಚ್ಚಣಿಕಿ ಏರುತ್ತಾನೆ. ಅವಳು ಮೇಲಿನಿಂದ ಹಾಡುತ್ತಾಳೆ:

ಹತ್ತಬ್ಯಾಡ ಮಾವಾ ಹತ್ತಬ್ಯಾಡ
ಅಟ್ಟದ ನಿಚ್ಚಣಿಕಿ ಅಲಗಾಡತೈತಿ
ಮೆಲ್ಲಕ ಬಾರೊ ಮಂದಿ ಮಲಗ್ಯಾರ
ಬಳಿ ಸದ್ದಾದರ ಬೆಕ್ಕ ಏಳತೈತಿ

ಹತ್ತಬೇಡ ಎನ್ನುತ್ತಲೇ ಮೆಲ್ಲಗೆ ಬಾ ಎನ್ನುವ ಈ ಹುಡುಗಿಯ ನಡತೆ ಪ್ರಿಯಂವದಾಳಿಗೆ ಹಿಡಿಸಿರಲಿಲ್ಲ.

ಹಾಡುಗಳ ಪಟ್ಟಿ ಕೈಸೇರಿದ್ದೇ ತಡ, ಮಾಸ್ತರು ಫೋನು ಮಾಡಿಯೇ ಬಿಟ್ಟರು.

“ಅಕ್ಕಾರ, ನಮ್ಮ ನೀಲಾ ಎಲ್ಲಾ ಪದದ ಹೆಸರ ಓದಿ ಹೇಳಿದ್ಲು. ನಿಚ್ಚಣಿಕಿ ಪದ ಇಲ್ಲಲ್ರಿ?”

“ಕಾರ್ಯಕ್ರಮ ಸ್ವಲ್ಪ ಗಂಭೀರ ಇರ್ಲಿ ಅಂತ, ಮಾಸ್ತರ…”

“ಗಂಭೀರ ಯಾಕ್ರಿ? ನಾ ಇನ್ನೂ ಸತ್ತಿಲ್ಲ.”

ಪ್ರಿಯಂವದಾ ತನ್ನ ಹಳೆಯ ಅಸ್ತ್ರ ತೆಗೆದಳು. “ಹಂಗಲ್ರಿ. ಮನ್ಯಾಗ ನಮ್ಮ ಅತ್ತಿಯವರು ಇದ್ದಾರ. ಭಾಳ ಮಡಿವಂತರು. ಅಂಥಾ ಪದ ಕಿವಿಗೆ ಬಿದ್ರ ಅವರಿಗೆ ಸೇರೂದಿಲ್ಲ.”

ಅತ್ತೆ ತುಳಸಾಬಾಯಿಯವರನ್ನು ಅವಳು ಕೇಳಿರಲೇ ಇಲ್ಲ. ಮದುವೆಯಾಗಿ ಬಂದಾಗಿನಿಂದಲೂ ಹೀಗೆ. ಬೇಡದ ನೆಂಟರು ಬರುತ್ತೇವೆಂದರೆ ಅತ್ತಿಯವರಿಗೆ ಸೇರೂದಿಲ್ಲ. ಮಹಿಳಾ ಮಂಡಳದವರು ಪ್ರವಾಸಕ್ಕೆ ಕರೆದರೆ ಅತ್ತಿಯವರಿಗೆ ಸೇರೂದಿಲ್ಲ. ತುಳಸಾಬಾಯಿ ಮಡಿ ಉಟ್ಟು ದೇವರ ಮನೆಯಲ್ಲಿ ಕೂತಿರುತ್ತಿದ್ದರು. ತಮ್ಮ ಹೆಸರಿನಲ್ಲಿ ಊರೊಳಗೆ ಏನೇನು ನಿಂತುಹೋಗಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಮಾಸ್ತರು ಒಂದು ನಿಟ್ಟುಸಿರು ಬಿಟ್ಟು ಫೋನಿಟ್ಟರು.

ತಾಲೀಮಿನ ದಿನವೇ ಗೊತ್ತಾಯಿತು, ಈ ಆನ್‌ಲೈನೆಂಬುದಕ್ಕೂ ತಾಳಕ್ಕೂ ಆಗಿಬರುವುದಿಲ್ಲವೆಂದು. ಶಿಗ್ಗಾಂವಿಯಿಂದ ಹಾಡುವವಳು ಶೇಖವ್ವ. ಮಾಸ್ತರರ ಕಂಪನಿಯಲ್ಲಿ ಹರೆಯದಲ್ಲಿ ನಾಯಕಿಯಾಗಿದ್ದವಳು, ಈಗ ಮೊಮ್ಮಕ್ಕಳಿಗೆ ಜೋರು ಮಾಡುತ್ತ ಮನೆಯಲ್ಲಿದ್ದಳು. ಹಿರೇಕೆರೂರಿನಲ್ಲಿ ಮಾಸ್ತರು ಪೇಟಿ ಒತ್ತಿದರೆ ಆ ಸ್ವರ ಶಿಗ್ಗಾಂವಿ ಮುಟ್ಟುವಷ್ಟರಲ್ಲಿ ಶೇಖವ್ವ ಮುಂದಿನ ಸಾಲಿಗೆ ಹೋಗಿರುತ್ತಿದ್ದಳು.

“ಶೇಖವ್ವಾ, ಮುದುಕಿ ಆದಿ, ಇನ್ನೂ ಓಡೂದು ಬಿಟ್ಟಿಲ್ಲ ನೀ!” ಎಂದು ಮಾಸ್ತರು ಪರದೆಯೊಳಗಿಂದ ಗದರಿದರು.

“ನಾ ಎಲ್ಲಿ ಓಡಾಕತ್ತೇನ್ರಿ ಮಾಸ್ತರ? ನಿಮ್ಮ ಪೇಟಿ ದಾರ್ಯಾಗ ಬಂಕಾಪುರದಾಗ ಚಾ ಕುಡ್ಯಾಕ ನಿಂತಿರಬೇಕು.”

ಈ ಜಗಳಕ್ಕೆ ತೀರ್ಪು ಕೊಟ್ಟವನು ಪ್ರಿಯಂವದಾಳ ಗಂಡ ನರಸಿಂಹ. ವಕೀಲ. ಕೋರ್ಟಿನ ಕೇಸುಗಳೆಲ್ಲ ಕಂಪ್ಯೂಟರಿನಲ್ಲಿ ನಡೆಯತೊಡಗಿದ ಮೇಲೆ ಅವನು ಈ ವಿದ್ಯೆಯಲ್ಲಿ ಪಳಗಿದ್ದ. ಮೇಲೆ ಕರಿ ಕೋಟು, ಕೆಳಗೆ ಪಂಜೆ ಉಟ್ಟು ಎಷ್ಟೋ ಜಾಮೀನು ಕೊಡಿಸಿದ್ದ. “ಒಬ್ಬರ ವಾದ ಮುಗಿಯೂತನಕ ಇನ್ನೊಬ್ಬರು ಬಾಯಿ ತಗೀಬಾರದು. ಉಳಿದವರ ಮೈಕ್ ನಾ ಬಂದ್ ಇಡ್ತೀನಿ,” ಎಂದು ಕಾನೂನು ಮಾಡಿದ. ಹಾಡುವವರು ತಮ್ಮ ತಮ್ಮ ಮನೆಯಲ್ಲಿ ತಾವೇ ಶ್ರುತಿ ಹಚ್ಚಿಕೊಂಡು ಹಾಡಬೇಕು. ಮಾಸ್ತರು ಸುಮ್ಮನೆ ಕೂತು ಗೌರವ ಸ್ವೀಕರಿಸಬೇಕು. ಹೀಗೆ, ಯಾರ ಸನ್ಮಾನವೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಹಾಡುವ, ಬಾರಿಸುವ ಏರ್ಪಾಡಾಯಿತು.

ಕಾರ್ಯಕ್ರಮದ ದಿನ ಸಂಜೆ ಪಡಸಾಲೆಯ ಗೋಡೆಗೆ ಪ್ರಿಯಂವದಾ ತನ್ನ ಮದುವೆಯ ರೇಷ್ಮೆ ಸೀರೆ ಇಳಿಬಿಟ್ಟು ಹಿಂದಿನ ಪರದೆ ಮಾಡಿದಳು. ಮುಂದೆ ತಂಬೂರಿ, ದೀಪ, ಮಾಸ್ತರರ ಹಳೆಯ ಫೋಟೋ. ಫೋಟೋಕ್ಕೆ ಮಾಲೆ ಹಾಕಹೋದವಳನ್ನು ನರಸಿಂಹ ತಡೆದ. “ಮಾಲಿ ಬ್ಯಾಡ. ಅವರು ಇನ್ನೂ ಹಾಜರಿದ್ದಾರ.”

ತುಳಸಾಬಾಯಿ ಸಂಜೆಯ ದೀಪ ಹಚ್ಚಿ ಬಂದು, ಮಗ ಅದೇನು ಗುಂಡಿ ಒತ್ತುತ್ತಾನೋ ನೋಡೋಣವೆಂದು ಮೂಲೆಯ ಕುರ್ಚಿಯಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯತೊಡಗಿದರು. ಈ ರೋಗ ಬಂದಾಗಿನಿಂದ ಅವರಿಗೆ ಒಳಗೊಳಗೇ ಒಂದು ಸಮಾಧಾನವಿತ್ತು. ಮುಟ್ಟಬೇಡ, ದೂರ ನಿಲ್ಲು, ಕೈ ತೊಳಕೊ ಎಂದು ತಾವು ಇಷ್ಟು ವರ್ಷ ಹೇಳಿದ್ದನ್ನು ಈಗ ಸರಕಾರವೇ ಹೇಳುತ್ತಿತ್ತು.

ಕಾರ್ಯಕ್ರಮ ಶುರುವಾಯಿತು. ಪ್ರಿಯಂವದಾ ನಾಂದಿಪದ ಹಾಡಿದಳು. ರಾಗದ ಲಕ್ಷಣ ವಿವರಿಸಿದಳು. ಶೇಖವ್ವ ಭಕ್ತಿಗೀತೆ ಹಾಡಿದಳು. ಪ್ರಿಯಂವದಾ ಅದರ ರಾಗದ ಲಕ್ಷಣವನ್ನೂ ವಿವರಿಸಿದಳು. ನೋಡುವವರು ಒಬ್ಬೊಬ್ಬರಾಗಿ ಎದ್ದುಹೋಗುತ್ತಿರುವುದು ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಆ ಪರದೆಯ ಮೇಲೆ ಹಿರೇಕೆರೂರನ್ನು ತೋರಿಸುವ ಚೌಕದಲ್ಲಿ ಮಾಸ್ತರು ಶಾಲು ಹೊದ್ದು, ಬೇರೆ ಯಾರದೋ ಕಾರ್ಯಕ್ರಮಕ್ಕೆ ತಪ್ಪಿ ಬಂದವರಂತೆ ಕೂತಿದ್ದರು. ಒಮ್ಮೆ ಆಕಳಿಸಿದರು ಕೂಡ. ಮೈಕು ಬಂದಾಗಿದ್ದರೂ ಆಕಳಿಕೆ ಎಲ್ಲರಿಗೂ ಕಂಡಿತು.

ಆಗ ಪರದೆಯ ಕೆಳಗಿನಿಂದ ನೋಡುವವರ ಬರಹಗಳು ಬರತೊಡಗಿದವು. ‘ನಿಚ್ಚಣಿಕಿ ಯಾವಾಗ?’ ‘ನಿಚ್ಚಣಿಕಿ ಹಾಕ್ರಿ.’ ‘ಅಕ್ಕಾರ, ರಾಗ ಸಾಕು, ನಿಚ್ಚಣಿಕಿ ಬರ್ಲಿ.’ ಪ್ರಿಯಂವದಾ ನೋಡಿಯೂ ನೋಡದಂತಿದ್ದಳು. ಆದರೆ ಎದುರಿಗೆ ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದಿ ದಾಖಲೆ ಮಾಡುವುದು ನರಸಿಂಹನ ಚಟ.

“ಇಲ್ಲಿ ರೈಸ್ ಮಿಲ್ಲಿನ ಉಳವಪ್ಪನವರು ಬರದಾರ,” ಎಂದು ಕನ್ನಡಕ ಸರಿಮಾಡಿಕೊಂಡ. “‘ನಿಚ್ಚಣಿಕಿ ಪದ ಹಾಡಿಸಿದ್ರ ಎಲ್ಲಾ ಕಲಾವಿದರ ಮನಿಗೆ ಅಕ್ಕಿ ನಂದು. ಹಾಡಿಸಲಿಲ್ಲಂದ್ರ…’ ಮುಂದ ಒಂದು ಮಾರಿ ಬರದಾರ. ಸಿಟ್ಟಿನ ಮಾರಿ. ಅದನ್ನ ಹೆಂಗ ಓದಬೇಕು?”

ಪ್ರಿಯಂವದಾ ಗಂಡನನ್ನು ಆ ಸಿಟ್ಟಿನ ಮುಖದಂತೆಯೇ ನೋಡಿದಳು. ನಂತರ ಪರದೆಯ ಕಡೆ ತಿರುಗಿ, ಸಾಧ್ಯವಾದಷ್ಟು ಮೃದುವಾಗಿ, “ಈಗ ಮುಂದಿನ ಹಾಡು, ರಾಣಿಯ ಶೋಕಗೀತೆ,” ಎಂದಳು.

ಮಾಸ್ತರರಿಗೆ ತಡೆಯದಾಯಿತು. ಚೌಕದಲ್ಲಿ ಅವರ ಬಾಯಿ ಜೋರಾಗಿ ಆಡತೊಡಗಿತು, ಸದ್ದಿಲ್ಲ. ನೀಲಾಳ ಕೈ ಅಡ್ಡ ಬಂದು ಅದೇನೋ ಒತ್ತಿತು. ಥಟ್ಟನೆ ಧ್ವನಿ ಪಡಸಾಲೆ ತುಂಬಿತು.

“…ಅಕ್ಕಿ ಹೋಗತೈತ್ರಿ ಅಕ್ಕಾರ! ಮಂದಿ ಉಪವಾಸ ಅದಾರ, ರಾಣಿ ಆಮ್ಯಾಲೆ ಅಳ್ಳಿ! ನಿಮ್ಮ ಅತ್ತಿಯವರದ ತ್ರಾಸ ಇದ್ರ ಒಂದೀಟ ಅವ್ರನ್ನ ಹಿತ್ತಲಕ ಕಳಸ್ರಿ. ಪದ ಮುಗದ ಮ್ಯಾಲೆ ಕರಕೊಂಡ್ರಾತು.”

ಮೂಲೆಯಲ್ಲಿ ಬತ್ತಿ ಹೊಸೆಯುವ ಕೈ ನಿಂತಿತು.

“ನನ್ನ ಹಿತ್ತಲಕ್ಕ ಯಾಕ ಕಳಸ್ತಾರ?” ಎಂದು ತುಳಸಾಬಾಯಿ ಕೇಳಿದರು.

ಉತ್ತರ ಹಿರೇಕೆರೂರಿನಿಂದಲೇ ಬಂತು. “ನಿಮಗ ನಿಚ್ಚಣಿಕಿ ಪದ ಸೇರೂದಿಲ್ಲಂತಲ್ರಿ ಬಾಯಾರ, ಅದಕ್ಕ.”

“ಯಾರು ಹೇಳಿದ್ರು?”

ಯಾರು ಹೇಳಿದರೆಂದು ಎರಡು ತಾಲೂಕಿನವರಿಗೆ ಗೊತ್ತಿತ್ತು. ಪ್ರಿಯಂವದಾಳ ಕಿವಿ ಬಿಸಿಯಾದವು. ತಂಬೂರಿಯ ತಂತಿಯಲ್ಲಿ ಏನೋ ದೋಷ ಕಂಡವಳಂತೆ ಅದನ್ನೇ ನೋಡುತ್ತ ಕೂತಳು.

ತುಳಸಾಬಾಯಿ ಎದ್ದರು. ಬತ್ತಿಯ ತಾಟನ್ನು ಕುರ್ಚಿಯ ಮೇಲಿಟ್ಟು ಬಂದು ಸೊಸೆಯ ಪಕ್ಕದಲ್ಲಿ, ಪರದೆಯ ತೀರ ಹತ್ತಿರ ಕೂತರು. ಹಾಗಾಗಿ ಜಗತ್ತಿಗೆ ಮೊದಲು ಕಂಡದ್ದು ಅವರ ಕನ್ನಡಕದ ಒಂದು ಗಾಜು ಮಾತ್ರ.

“ಆ ಪದ ನಾ ಹಿತ್ತಲದಾಗ ನಿಂತೇ ಕೇಳೀನಿ,” ಎಂದರು. “ಈಗ ಒಳಗ ಕೂತು ಕೇಳ್ತೀನಿ.”

ನರಸಿಂಹ ತಾಯಿಯನ್ನು ಹೆಗಲು ಹಿಡಿದು ತುಸು ಹಿಂದೆ ಸರಿಸಿದ. “ಎಲ್ಲಿ ಹಿತ್ತಲ, ಅವ್ವಾ?”

“ಸವಣೂರಾಗ. ನಾ ಮದಿವ್ಯಾಗಿ ಬಂದ ವರ್ಷ. ಆಗಿನ ನಮ್ಮ ಮನಿ ಹಿತ್ತಲದ ಗ್ವಾಡಿ ಆಚೆಕಡೆನ ಇವರ ಕಂಪನಿ ಥೇಟರ್ ಹಾಕಿದ್ರು. ಮಳಿಗಾಲ ಪೂರಾ ಅಲ್ಲೇ ಇದ್ರು. ನಮ್ಮ ಮಾವನವರು ನಾಟಕ ಅಂದ್ರ ಉರದ ಬೀಳ್ತಿದ್ರು. ಹೋಗೂದು ಎಲ್ಲಿ ಬಂತು? ಸಂಜಿ ಆಟ ಸುರು ಆತಂದ್ರ ನಾ ಭಾಂಡಿ ತಿಕ್ಕಲಿಕ್ಕೆ ಹಿತ್ತಲಕ್ಕ ಬರ್ತಿದ್ದೆ. ಪದ ಮುಗಿಯೂತನಕ ಒಂದೇ ತಂಬಿಗಿ ತಿಕ್ಕತಿದ್ದೆ. ಸೊಸಿ ಭಾಳ ಸ್ವಚ್ಛ ಅಂತ ನಮ್ಮ ಅತ್ತಿಯವರು ಊರೆಲ್ಲಾ ಹೇಳಿಕೋತ ಬಂದ್ರು.”

ಶಿಗ್ಗಾಂವಿಯ ಚೌಕದಲ್ಲಿ ಶೇಖವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಎದ್ದುಹೋದವರು ಮತ್ತೆ ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಸಾಕ್ಷಿದಾರರು ತಾವಾಗಿ ಮಾತಾಡುವಾಗ ತಡೆಯಬಾರದೆಂಬುದು ಗೊತ್ತಿದ್ದ ನರಸಿಂಹ ಎಲ್ಲರ ಮೈಕುಗಳನ್ನೂ ತೆರೆದುಬಿಟ್ಟ.

ಪ್ರಿಯಂವದಾ ಅತ್ತೆಯನ್ನು ನೋಡಿದಳು. ಇಷ್ಟು ವರ್ಷ ಇದೇ ಪಡಸಾಲೆಯಲ್ಲಿ ಕೂತು ಊರ ಮಕ್ಕಳಿಗೆ ಹಾಡು ಹೇಳಿಕೊಟ್ಟಿದ್ದಳು. ನಿಮಗೆ ಯಾವುದಾದರೂ ಪದ ಬರುತ್ತದೆಯೇ ಎಂದು ಒಂದು ದಿನ, ಬಾಯಿಮಾತಿಗಾದರೂ, ಇವರನ್ನು ಕೇಳಿರಲಿಲ್ಲ.

“ಮಾಸ್ತರ, ನಿಮಗ ಒಂದು ಕೇಳೂದಿತ್ತು,” ಎಂದರು ತುಳಸಾಬಾಯಿ. ಧ್ವನಿ ತುಸು ಇಳಿಯಿತು. “ಮೂರನೇ ನುಡಿ ಹಾಡೂ ಮುಂದ ನಡುವ ಒಮ್ಮೆಲೇ ಪೇಟಿ ನಿಂದರ್ತಿತ್ತು. ಹಾಡೂ ನಿಂದರ್ತಿತ್ತು. ಒಂದು ಗಳಿಗಿ ಏನೂ ಇಲ್ಲ. ಆಮ್ಯಾಲೆ ಮಂದಿ ಸೀಟಿ ಹೊಡದು ನಗತಿದ್ರು. ದಿನಾ ಹಂಗೇ. ಅಲ್ಲಿ… ಏನು ನಡೀತಿತ್ತು?”

ಮಾಸ್ತರು ಗಡ್ಡ ಕೆರೆದುಕೊಂಡರು. “ಶೇಖವ್ವಾ, ನೀನ ಹೇಳು. ಮ್ಯಾಲೆ ಇದ್ದಾಕಿ ನೀನು.”

“ಏನ್ ಹೇಳ್ಲಿ ಬಾಯಾರ,” ಎಂದಳು ಶೇಖವ್ವ. “ನಿಚ್ಚಣಿಕಿ ಏರಾಂವ ನಮ್ಮ ಅಜ್ಜಪ್ಪ ಅಂತ, ಹಾಸ್ಯದ ಪಾರ್ಟಿನಾಂವ. ದಪ್ಪ ಆಳು. ಸವಣೂರ ಮೊದಲನೇ ಆಟದಾಗ ನಿಚ್ಚಣಿಕಿ ಮೆಟ್ಟ ಮುರೀತು. ಉಳ್ಳಿಕೋತ ಬಂದು ಮಾಸ್ತರ ಉಡಿಯಾಗ ಬಿದ್ದ. ಪೇಟಿ ನಿಂತಬಿಡ್ತು. ನನಗ ಮುಂದಿಂದು ಮರತ ಹೋತು. ಮಂದಿ ಇದೂ ನಾಟಕದಾಗ ಐತಿ ಅಂತ ತಿಳದು ಸೀಟಿ ಹೊಡದ್ರು. ಮಾಲಕರು ಏನಂದ್ರು ಗೊತ್ತೇನ್ರಿ? ನಾಳಿಂದ ದಿನಾ ಬೀಳೋ ಅಜ್ಜಪ್ಪ ಅಂದ್ರು. ಹಂಗಾಗಿ ದಿನಾ ಬಿದ್ದ.”

“ನನ್ನ ಮೊಣಕಾಲ ಹೋಗಿದ್ದ ಅಲ್ಲೇರಿ,” ಎಂದರು ಮಾಸ್ತರು.

ತುಳಸಾಬಾಯಿಯವರ ಮುಖ ಸಪ್ಪಗಾಯಿತು.

“ಬೀಳತಿದ್ದ, ಅಷ್ಟ?”

“ಅಷ್ಟರಿ.”

“ಬ್ಯಾರೆ ಏನೂ ಇಲ್ಲ?”

ಮಾಸ್ತರರ ಕಣ್ಣು ಸಣ್ಣಗಾದವು. ಅವರು ಪರದೆಗೆ ಇನ್ನಷ್ಟು ಹತ್ತಿರ ಬಂದರು. “ಮತ್ತ ನೀವು ಇಷ್ಟ ದಿನಾ ಏನ್ ತಿಳಕೊಂಡಿದ್ರಿ ಬಾಯಾರ?”

ತುಳಸಾಬಾಯಿ ಸೆರಗು ಸರಿಮಾಡಿಕೊಂಡರು. ಒಮ್ಮೆ ದೇವರ ಮನೆಯ ಕಡೆ, ಒಮ್ಮೆ ಛಾವಣಿಯ ಕಡೆ ನೋಡಿದರು. “ನನ್ನ ಬತ್ತಿ ತಾಟ ಎಲ್ಲಿ ಇಟ್ಟೆ ನಾ?” ಎಂದರು.

“ಆ ಪ್ರಶ್ನೆಗೆ ಉತ್ತರ ಕೊಡಬೇಕಂತೇನೂ ಇಲ್ಲ, ಅವ್ವಾ,” ಎಂದು ನರಸಿಂಹ ತಾಯಿಯ ಪರ ನಿಂತ.

ಮೊದಲು ನಕ್ಕವಳು ಶೇಖವ್ವ. ಹಿಂದಿನಿಂದ ನೀಲಾಳ ನಗು. ಆಮೇಲೆ ಮಾಸ್ತರು, ಕೆಮ್ಮು ಬರುವ ತನಕ. ಪ್ರಿಯಂವದಾ ತುಟಿ ಕಚ್ಚಿಕೊಂಡು ತಡೆದಳು, ತಡೆದಳು, ಕೊನೆಗೆ ತಂಬೂರಿಗೆ ಹಣೆ ಹಚ್ಚಿ ನಕ್ಕುಬಿಟ್ಟಳು. ಅವಳು ನಕ್ಕ ರಭಸಕ್ಕೆ ನಾಲ್ಕೂ ತಂತಿ ಝೇಂಗುಟ್ಟಿದವು. ಅತ್ತೆಯ ಮುಖ ಕೆಂಪಾಗಿತ್ತು. ಆದರೆ ಅವರೂ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಭುಜ ಕುಲುಕಿಸಿ ನಗುತ್ತಿದ್ದರು. ಅವರು ಹೀಗೆ ನಕ್ಕದ್ದನ್ನು ಸೊಸೆ ಈವರೆಗೆ ನೋಡಿರಲಿಲ್ಲ.

ಕಣ್ಣೊರೆಸಿಕೊಂಡು ಪ್ರಿಯಂವದಾ ನೆಟ್ಟಗೆ ಕೂತಳು. “ಶೇಖವ್ವಾರ, ನಿಚ್ಚಣಿಕಿ ಪದ ಹಾಡ್ರಿ,” ಎಂದಳು. ರಾಗದ ಲಕ್ಷಣ ಹೇಳಲಿಲ್ಲ.

ಶೇಖವ್ವ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ವಯಸ್ಸಾದ ಧ್ವನಿಗೆ ತುಂಟತನ ಇನ್ನೂ ಚೆನ್ನಾಗಿ ಒಪ್ಪಿತು. ಎರಡನೆಯ ಸಲ ಪಲ್ಲವಿ ಬರುವಷ್ಟರಲ್ಲಿ ಪಕ್ಕದಿಂದ ಒಂದು ತೆಳ್ಳನೆಯ ಧ್ವನಿಯೂ ಸೇರಿತು. ತುಳಸಾಬಾಯಿ ಕಣ್ಣು ಮುಚ್ಚಿ, ಕೈಯಲ್ಲಿ ಇಲ್ಲದ ತಂಬಿಗೆಯನ್ನು ತಿಕ್ಕುತ್ತ ಹಾಡುತ್ತಿದ್ದರು.

“ತಡೀರಿ, ತಡೀರಿ!” ಎಂದು ಮಾಸ್ತರು ಕೂಗಿದರು. ಹಾಡು ನಿಂತಿತು. “ಬಾಯಾರ, ‘ಬೆಕ್ಕ ಏಳತೈತಿ’ ಅನ್ನೂವಲ್ಲಿ ಸ್ವರಾನೂ ಏಳಬೇಕು. ನೀವು ಮಲಗಸಾಕತ್ತೀರಿ.”

“ನನಗ ಹಂಗೇ ಕೇಳಸ್ತಿತ್ತು.”

“ಗಾಳಿಗೆ ಹಾರಿ ಹೋಗಿರಬೇಕು. ನಾ ಬಾರಿಸ್ತೇನಿ, ಕೇಳ್ರಿ. ಕೇಳಿ ಆದ ಮ್ಯಾಲೆ ಅನ್ರಿ.”

ನೀಲಾ ಪೇಟಿಯನ್ನು ತಂದೆಯ ಮುಂದೆ ಸರಿಸಿದಳು. ಮಾಸ್ತರು ಆ ಸಾಲನ್ನು ಬಾರಿಸಿ ನಿಲ್ಲಿಸಿದರು. ಸ್ವರ ಹಾನಗಲ್ಲು ಮುಟ್ಟಿತು. ತುಳಸಾಬಾಯಿ ಹಾಡಿದರು. ಬಾರಿಸುವುದು, ನಿಲ್ಲಿಸುವುದು, ಹಾಡುವುದು. ಹೀಗಾದಾಗ ತಾಳ ತಪ್ಪುವ ಮಾತೇ ಇರಲಿಲ್ಲ.

“ತಪ್ಪಿತು. ಮತ್ತ ಅನ್ರಿ.”

ತುಳಸಾಬಾಯಿಯವರಿಗೆ ‘ತಪ್ಪಿತು’ ಎಂದವರು ಈ ಮನೆಯಲ್ಲಿ ಯಾರೂ ಇರಲಿಲ್ಲ. ಪುರೋಹಿತರೇ ಅವರ ಮುಂದೆ ಮಂತ್ರ ತಗ್ಗಿಸಿ ಹೇಳುತ್ತಿದ್ದರು. ಆದರೆ ತುಳಸಾಬಾಯಿ ಸಣ್ಣ ಹುಡುಗಿಯ ಹಾಗೆ ಉಗುಳು ನುಂಗಿ ಮತ್ತೆ ಅಂದರು. ಮತ್ತೆ ತಪ್ಪಿತು. ಮತ್ತೆ ಅಂದರು. ಕೊನೆಗೊಮ್ಮೆ ಬೆಕ್ಕು ಎಲ್ಲಿ ಏಳಬೇಕೋ ಅಲ್ಲಿ ಎದ್ದಿತು.

“ಹಾಂ!” ಎಂದರು ಮಾಸ್ತರು, ಶಾಲು ಅತ್ತ ಎಸೆದು. ಆ ಸಂಜೆ ಅವರಿಗೆ ಗೌರವ ಆದದ್ದು ಆಗಲೇ ಇರಬೇಕು. ಮುಖ ಹಾಗೆ ಬೆಳಗಿತು.

ಶೇಖವ್ವ ಮೂರನೆಯ ನುಡಿ ಎತ್ತಿಕೊಂಡಳು. ನಡುವೆ, ಅಜ್ಜಪ್ಪ ಬೀಳುವಲ್ಲಿ, ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಬಿದ್ದುಬಿದ್ದು ನಗಿಸಿದ ಅಜ್ಜಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಒಂದು ಗಳಿಗೆ ಹಿರೇಕೆರೂರಿನಲ್ಲಿ, ಶಿಗ್ಗಾಂವಿಯಲ್ಲಿ, ಹಾನಗಲ್ಲಿನಲ್ಲಿ ಸದ್ದಿರಲಿಲ್ಲ. ಆಮೇಲೆ ಸೀಟಿ ಹೊಡೆದವನು ವಕೀಲ ನರಸಿಂಹ. ಅಷ್ಟು ಚೆನ್ನಾಗಿ ಸೀಟಿ ಹೊಡೆಯಲು ಎಲ್ಲಿ ಕಲಿತನೋ, ಹೆಂಡತಿ ಕೇಳಲಿಲ್ಲ.

ಉಳವಪ್ಪ ಮಾತಿಗೆ ತಪ್ಪಲಿಲ್ಲ. ಮರುದಿನವೇ ಮಿಲ್ಲಿನಿಂದ ಅಕ್ಕಿ ಹೊರಟಿತು. ಉಳಿದವರು ಕಳಿಸಿದ ಹಣದಲ್ಲಿ ಬೇಳೆ, ಎಣ್ಣೆ, ಬೆಲ್ಲ ಬಂತು.

ಮಳೆಗಾಲ ನಡೆದಿರುವಾಗಲೇ ಬಸ್ಸುಗಳು ಓಡತೊಡಗಿದವು. ತುಳಸಾಬಾಯಿ ಒಂದು ಮುಂಜಾನೆ ಪೂಜೆ ಬೇಗ ಮುಗಿಸಿ, ಶಿಗ್ಗಾಂವಿಗೆ ಹೋಗಬೇಕೆಂದರು. ಪ್ರಿಯಂವದಾ ಏನೂ ಕೇಳದೆ ಕರೆದುಕೊಂಡು ಹೋದಳು.

ಶೇಖವ್ವ ಬಾಗಿಲಲ್ಲೇ ನಿಂತಿದ್ದಳು. ತುಳಸಾಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನೀ ಎತ್ತರ ಇರ್ತಿ ಅಂತ ತಿಳಕೊಂಡಿದ್ದೆ.”

“ಧ್ವನಿ ಎತ್ತರ ಇತ್ರಿ, ನಾ ಇಷ್ಟ ಇದ್ದೆ. ಬರ್ರಿ ಒಳಗ, ಕುಂದರ್ರಿ.”

ತುಳಸಾಬಾಯಿ ಕೂತರು. ಹನಿ ಮಳೆ ಹಿಡಿದಿತ್ತು. ಸ್ವಲ್ಪ ಹೊತ್ತು ಮೊಮ್ಮಕ್ಕಳ ಮಾತು, ಮೊಣಕಾಲಿನ ಮಾತು ಆಯಿತು. ಆಮೇಲೆ ಅವರು ಬಂದ ಕೆಲಸ ಹೇಳಿದರು. “ಪದ ಅಷ್ಟೂ ಬರ್ತಾವ ನನಗ. ಆದ್ರ ನಾಟಕ ನೋಡಿಲ್ಲ ನೋಡು. ನಡುವ ಏನೇನಾತು ಅಂತ ನನ್ನ ಮನಸ್ಸಿಗೆ ಬಂದಂಗ ಕೂಡಿಸಿಕೊಂಡೀನಿ. ಖರೇ ಏನಿತ್ತು, ಮೊದಲಿಂದ ಹೇಳು.”

ಶೇಖವ್ವ ಮೊದಲ ಪರದೆಯಿಂದ ಶುರುಮಾಡಿದಳು. ಎಲ್ಲ ಪಾರ್ಟನ್ನೂ ತಾನೇ ಮಾಡಿದಳು: ಗೌಡ, ಗೌಡ್ತಿ, ಕಳ್ಳ ಗುಮಾಸ್ತ, ಅಟ್ಟದ ಹುಡುಗಿ. ಹುಡುಗಿ ಗೌಡನ ಮುಂದೆ ಅತ್ತು ಕ್ಷಮೆ ಕೇಳುವ ಪ್ರವೇಶ ಬಂತು. ತುಳಸಾಬಾಯಿ ಕೈ ಅಡ್ಡ ಹಿಡಿದರು.

“ಇಲ್ಲ. ಆಕಿ ಹಂಗ ಅಳೂದಿಲ್ಲ.”

“ನಾನ ಮಾಡೇನ್ರಿ ಬಾಯಾರ ಆ ಪಾರ್ಟು. ದಿನಾ ಅಳ್ತಿದ್ದೆ.”

“ಅಳ್ತಿದ್ದಿರಬೇಕು. ಆದ್ರ ಆಕಿ ಅಂಥಾಕಿ ಅಲ್ಲ. ಎದುರುತ್ತರ ಕೊಡ್ತಾಳ.”

ಶೇಖವ್ವ ಪ್ರಿಯಂವದಾಳ ಮುಖ ನೋಡಿದಳು. ಪ್ರಿಯಂವದಾ ನಗು ನುಂಗಿ, ಹೌದೆಂಬಂತೆ ತಲೆಯಾಡಿಸಿದಳು. ಹೊರಗೆ ಹಾನಗಲ್ಲಿನ ಬಸ್ಸಿನ ಹೊತ್ತಾಗಿತ್ತು, ಯಾರೂ ಏಳಲಿಲ್ಲ. ಶೇಖವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಹೆಜ್ಜೆ ಹಿಂದೆ ಹೋಗಿ, ಗೌಡನಿಗೆ ಎದುರುತ್ತರ ಕೊಡಲು ತಯಾರಾಗಿ ನಿಂತಳು.

“ಏನ್ ಅಂತಾಳ್ರಿ ಹಂಗಾರ? ಹೇಳ್ರಿ,” ಎಂದಳು.